ಸಿದ್ದಪ್ಪನ ಪಾಳಿ

ನಂದಿಗುಡಿ ದಾರಿಯ ನಾಲೆ ಸೇತುವೆಯ ಕೆಲಸವನ್ನು ನಾನು ಗೆಳೆಯ ಸಿದ್ದಪ್ಪನಿಂದ ಕದ್ದೆ. ಕದ್ದದ್ದಷ್ಟೇ ಆಗಿದ್ದರೆ — ಇಲ್ಲ, ಆಮೇಲೆ ಹೇಳಿದ ಸುಳ್ಳು ಅದಕ್ಕಿಂತ ಕೆಟ್ಟದ್ದು.

ಹೊಸ ನಾಲೆ ದಾವಣಗೆರೆ, ಹರಿಹರದ ಕಡೆ ಬರುತ್ತಿದ್ದ ಕಾಲ. ಸಿದ್ದಪ್ಪ ಶಾಮನೂರಿನವನು, ನಾನು ಹರಿಹರದವನು. ಇಬ್ಬರೂ ಸಣ್ಣ ಗುತ್ತಿಗೆದಾರರು. ಟೆಂಡರಿಗೆ ಮೊದಲು ಸುತ್ತಲಿನ ಗುತ್ತಿಗೆದಾರರೆಲ್ಲ ಹರಿಹರ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕೂತು, ಈ ಸಲ ಯಾರ ಪಾಳಿ ಎಂದು ತೀರ್ಮಾನಿಸುತ್ತಿದ್ದೆವು. ಪಾಳಿಯವನು ತನ್ನ ರೇಟು ಹೇಳುತ್ತಿದ್ದ. ಉಳಿದವರು ಅದಕ್ಕಿಂತ ಹೆಚ್ಚು ಬರೆದು ಲಕೋಟೆಗೆ ಅರಗು ಹಾಕುತ್ತಿದ್ದೆವು. ಸರ್ಕಾರಕ್ಕೆ ನಾಮ ಹಾಕುವ ಈ ಏರ್ಪಾಡಿಗೆ ನಾವಿಟ್ಟ ಹೆಸರು — ಈಗ ನಗು ಬರುತ್ತದೆ — ‘ಮರ್ಯಾದೆ’.

ಸೇತುವೆ ಸಿದ್ದಪ್ಪನ ಪಾಳಿ. ನಮ್ಮ ಮಾತು ನಂಬಿ ಆತ ಮೊದಲೇ ಕಲ್ಲು ಕಡಿಸಿ ನಾಲೆಯ ಬದಿಗೆ ಹಾಕಿಸಿದ್ದ. ನಾನು ಅವನ ರೇಟಿಗಿಂತ ಒಂಚೂರು ಕಡಿಮೆ ಬರೆದೆ. ಸರ್ಕಾರದ ದುಡ್ಡು ಉಳಿಸಲಿಕ್ಕೆ? ಛೆ, ಆ ಪುಣ್ಯ ನನಗೆ ಬೇಡ. ಎಲ್ಲರೂ ಅವನ ಕೆಲಸ ಹೊಗಳುತ್ತಿದ್ದರು. ನನಗೆ ಹೊಟ್ಟೆಕಿಚ್ಚು, ಅಷ್ಟೆ.

ನಾಲೆ ಆಫೀಸಿನಲ್ಲಿ ಎಂಜಿನಿಯರು ಲಕೋಟೆ ಒಡೆದು ನನ್ನ ಹೆಸರು ಓದಿದಾಗ ಸಿದ್ದಪ್ಪ ನನ್ನ ಮುಖ ನೋಡಿದ. ಹೊರಗೆ ಬಂದ ಮೇಲೆ ಹೇಳಿದೆ: ‘ಸಾಹೇಬ್ರು ಕರೆದು ಹೆದರಿಸಿದ್ರಪ್ಪ. ಕಡಿಮೆ ಬರೀದಿದ್ರೆ ಗುತ್ತಿಗೆದಾರರ ಪಟ್ಟಿಯಿಂದ ಎಲ್ಲರ ಹೆಸರೂ ತೆಗೆದು ಹಾಕ್ತೀನಿ ಅಂದ್ರು. ನಾನೇನು ಮಾಡ್ಲಿ?’

ಆ ಎಂಜಿನಿಯರು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಸಿದ್ದಪ್ಪ ನಂಬಿದ. ನಂಬಿ, ‘ಹೋಗ್ಲಿ ಬಿಡು. ಕಲ್ಲು ಅಲ್ಲೇ ಅದಾವೆ, ನೀನೇ ಹಾಕ್ಕೋ’ ಎಂದ. ಸೇತುವೆ ಎದ್ದದ್ದು ಆ ಕಲ್ಲಿನಿಂದಲೇ. ಆತ ಮಾತ್ರ ಇನ್ನು ಆ ಆಫೀಸಿಗೆ ಕಾಲಿಡುವುದಿಲ್ಲವೆಂದು ಸರ್ಕಾರಿ ಕೆಲಸವನ್ನೇ ಬಿಟ್ಟ. ಅಂಥ ಕೈ ಇದ್ದವನು ವರ್ಷಗಟ್ಟಲೆ ಊರವರ ಜಗಲಿ, ಕೊಟ್ಟಿಗೆ ಕಟ್ಟಿಕೊಂಡು ಉಳಿದ.

ಹೋದ ವಾರ ನಾಲೆಯ ಇನ್ನೊಂದು ದೊಡ್ಡ ಸೇತುವೆಗೆ ಟೆಂಡರು ಕರೆದರು. ಸಿದ್ದಪ್ಪ ಸಾಮಾನು ಮಾರಿ ಗುತ್ತಿಗೆ ಕೆಲಸವನ್ನೇ ಬಿಡುತ್ತಿದ್ದಾನೆಂದು ಅದೇ ದಿನ ಕೇಳಿದೆ. ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ನಿನ್ನೆ ಶಾಮನೂರಿಗೆ ಹೋಗಿ ಎಲ್ಲ ಹೇಳಿದೆ — ಹೊಟ್ಟೆಕಿಚ್ಚು, ಸುಳ್ಳು, ಎಲ್ಲ. ಬೈಯಲಿ ಎಂದು ಕಾದೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

‘ಆ ಸಾಹೇಬ್ರನ್ನ ಇಷ್ಟು ವರ್ಷ ಬೈಕೊಂಡು ತಿರುಗಿದ್ನಲ್ಲೋ’ ಎಂದಷ್ಟೇ ಅಂದ. ಆಮೇಲೆ, ಮಾರಲೆಂದು ಅಂಗಳದಲ್ಲಿ ಹರವಿದ್ದ ಹಾರೆ, ಚಾಣಗಳನ್ನು ಒಂದೊಂದಾಗಿ ಒಳಗೆ ಒಯ್ಯತೊಡಗಿದ. ನಾನೂ ಕೈ ಹಾಕಲು ಹೋದೆ, ಬೇಡವೆಂದು ತಲೆಯಾಡಿಸಿದ. ಬಾಗಿಲ ಹತ್ತಿರ ತಿರುಗಿ ಕೇಳಿದ:

‘ಟೆಂಡರ್ ಯಾವತ್ತೈತೆ?’

‘ಸೋಮವಾರ.’

‘ನಾನೂ ಹಾಕ್ತೀನಿ. ನೀನೂ ಹಾಕು. ಆದ್ರೆ ನಾನು ಹೋಟ್ಲಿಗೆ ಬರಲ್ಲ. ನಿನ್ನ ರೇಟು ನಂಗೆ ಹೇಳಬ್ಯಾಡ.’

ಕ್ಷಮಿಸಿದನೋ ಇಲ್ಲವೋ — ಕೇಳುವ ಮುಖ ನನಗಿಲ್ಲ. ಆ ಎಂಜಿನಿಯರು ಎಂದೋ ವರ್ಗವಾಗಿ ಹೋದರು. ಅವರನ್ನು ಹುಡುಕಿ ಹೇಳುವುದು ಇನ್ನೂ ಬಾಕಿ. ಈಗ ಟೆಂಡರ್ ಫಾರಮಿನ ಮುಂದೆ ಕೂತಿದ್ದೇನೆ. ಯಾರ ಪಾಳಿ ಎಂದು ಕೇಳದೆ, ಒಂದು ಸೇತುವೆಗೆ ನಿಜವಾಗಿ ಎಷ್ಟು ಬೀಳುತ್ತದೆ ಎಂದು ಮೊದಲ ಸಲ ಲೆಕ್ಕ ಹಾಕುತ್ತಿದ್ದೇನೆ.