ಮಾಳಿಗೆಯ ಮೇಲೆ ಕಳೆದ ದೀಪಾವಳಿ

ಬೆಳಕು ಹರಿಯುವ ಹೊತ್ತು. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟಿವಿ ರಿಪೇರಿಯ ಚಾಂದಪಾಶಾ ನಮಾಜು ಮುಗಿಸಿ ಬಂದು, ಅಂಗಡಿಯ ಕಸ ಗುಡಿಸಿ, ಮೇಜು ಒರೆಸಿ ಕೂತಿದ್ದಾರೆ. ಮುಂದೆ ಯಾರದೋ ಟಿವಿ ಬೋರಲು ಬಿದ್ದಿದೆ. ಕೈಯಲ್ಲಿ ಸ್ಕ್ರೂಡ್ರೈವರ್ ಇದೆ. ಆದರೂ ಬಿಚ್ಚುವುದಿಲ್ಲ. ಮಾಲೀಕರು ಬಂದು ಎದುರಿನ ಸ್ಟೂಲಿನ ಮೇಲೆ ಕೂತು, ಬ್ಯಾಟರಿ ಹಿಡಿದು ಒಳಗೆ ಬೆಳಕು ಬಿಟ್ಟರೆ ಮಾತ್ರ ಇವರ ಕೆಲಸ ಶುರು. ಕಿತ್ತ ಸಾಮಾನನ್ನು ಮೊದಲು ಮಾಲೀಕರ ಅಂಗೈಗೆ ಇಡುತ್ತಾರೆ, ಹೊಸದನ್ನು ಜೋಡಿಸುವುದು ಆಮೇಲೆ.

"ನಿನ್ನ ಮ್ಯಾಲ ನಂಬಿಕಿ ಐತೋ ಮಾರಾಯ, ಬಿಚ್ಚು ಅಂತಾರ್ರಿ. ನಂಬಿಕಿ ನಿಮ್ಮ ಕಡೀನ ಇರ್ಲಿ, ಬ್ಯಾಟ್ರಿ ಹಿಡೀರಿ ಅಂತೀನಿ," ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾರೆ.

ಒಳಮನೆಯಿಂದ ಚಹಾ ತಂದಿಟ್ಟ ಹೆಂಡತಿ ಅಂಬರೀನ ಸುಮ್ಮನಿರುವವರಲ್ಲ. "ಮನಿ ಮಿಕ್ಸರ್ ಕೆಟ್ರ ನನಗೂ ಬ್ಯಾಟ್ರಿ ಹಿಡಸ್ತಾರ್ರಿ. ಲಗ್ನ ಆಗಿ ಮೊಮ್ಮಕ್ಕಳು ಬಂದಾವ, ಇನ್ನೂ ನಾ ಗಿರಾಕಿನ!"

ಗಿರಾಕಿಗಳು ನಗುತ್ತಾರೆ. ಚಾಂದಪಾಶಾ ನಗುವುದಿಲ್ಲ. ಕಕ್ಕೇರಾದ ಆ ದೀಪಾವಳಿ ಸಂಜೆಯಿಂದ ಅವರಿಗೆ ಯಾರ ಮೇಲೂ ಪೂರ್ತಿ ಭರವಸೆಯಿಲ್ಲ, ಹೊಗಳುವವರ ಮೇಲಂತೂ ಇಲ್ಲವೇ ಇಲ್ಲ.

ಆಗ ಅವರ ಅಂಗಡಿ ಸುರಪುರದಲ್ಲಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ರೇಡಿಯೊ ಬಿಚ್ಚುವುದನ್ನು ಕಲಿತು, ಟಿವಿಗೂ ಕೈ ಹಾಕಿ, ಸುತ್ತಲ ಹಳ್ಳಿಗಳಲ್ಲಿ ಹೆಸರು ಮಾಡಿದ್ದರು. ಕಕ್ಕೇರಾದ ಕಿರಾಣಿ ವ್ಯಾಪಾರಿ ಮಲ್ಲಣ್ಣನ ಮನೆಯಲ್ಲಿ ಕಟ್ಟಿಗೆ ಪೆಟ್ಟಿಗೆಯ ಟಿವಿ. ಮುಂದೆ ಸರಿಸುವ ಬಾಗಿಲು, ಬಾಗಿಲಿಗೆ ಕೀಲಿ. ಓಣಿಗೆಲ್ಲ ಅದೊಂದೇ. ಹಬ್ಬದ ಸಂಜೆ ವಿಶೇಷ ಕಾರ್ಯಕ್ರಮ ಇದೆಯೆಂದು ಮಲ್ಲಣ್ಣ ಹೇಳಿ ಕಳಿಸಿದ. ಚಾಂದಪಾಶಾ ಮಧ್ಯಾಹ್ನವೇ ಹೋಗಿ, ಹಿಂಬದಿ ಬಿಚ್ಚಿ ಧೂಳು ತೆಗೆದು, ಚಿತ್ರ ಬರುವುದನ್ನು ಎಲ್ಲರಿಗೂ ತೋರಿಸಿದರು.

ಸಂಜೆ ಗಾಳಿ ಎದ್ದಿತು. ಆಂಟೆನಾ ತಿರುಗತೊಡಗಿತು. ಚಾಂದಪಾಶಾ ಮಾಳಿಗೆ ಹತ್ತಿ ಆಂಟೆನಾದ ಕೊಳವೆಯನ್ನು ಎರಡೂ ಕೈಯಿಂದ ಹಿಡಿದು ನಿಂತರು.

"ಬಂತೇನ್ರೀ?"

"ಬಂತು ಬಂತು! ಏ, ಹೋತು! ಇನ್ನಷ್ಟು ಗುಡಿ ಕಡಿ ತಿರುವೋ!"

ಹೀಗೇ ಸಾಗಿತ್ತು. ಕೆಳಗೆ ಆರತಿ ಹಾಡು, ಆಮೇಲೆ ಯಾರೋ ಹಾಸ್ಯಗಾರನ ಮಾತು, ಮಕ್ಕಳ ನಗು. ನಗು ತಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ ಮಲ್ಲಣ್ಣನ ಕೂಗು: "ಪಾಶಾ, ಇಳಿ ಕೆಳಗ!"

ಇಳಿದು ಬಂದರೆ ಟಿವಿ ಕಪ್ಪಾಗಿದೆ, ಅಂಗಳವೆಲ್ಲ ಇವರನ್ನೇ ನೋಡುತ್ತಿದೆ. "ಮಧ್ಯಾಹ್ನ ಬಿಚ್ಚಿದವ ನೀ ಒಬ್ಬನ. ಹೊಸ ಸಾಮಾನು ಕಿತಗೊಂಡು ಹಳೀದು ಜೋಡಿಸೀದಿ," ಎಂದ ಮಲ್ಲಣ್ಣ. ಬಿಚ್ಚಿ ತೋರಿಸುತ್ತೇನೆಂದು ಚಾಂದಪಾಶಾ ಅಂಗಲಾಚಿದರು. ಮಲ್ಲಣ್ಣ ಬಾಗಿಲು ಎಳೆದು ಕೀಲಿ ಹಾಕಿಬಿಟ್ಟ.

ಆ ಮಾತು ಇವರಿಗಿಂತ ಮೊದಲೇ ಸುರಪುರ ಸೇರಿತು. ರಿಪೇರಿಗೆ ಕೊಟ್ಟವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಹೋದರು. ಅಂಗಡಿ ಮುಚ್ಚಿ ಶಹಾಪುರಕ್ಕೆ ಬಂದದ್ದು ಹಾಗೆ. ಕಕ್ಕೇರಾದವರು ಇವತ್ತಿಗೂ ಈ ಅಂಗಡಿ ದಾಟಿಕೊಂಡೇ ಹೋಗುತ್ತಾರೆ.

ಈ ಬೆಳಿಗ್ಗೆ ಮಾತ್ರ ಒಬ್ಬರು ನಿಂತಿದ್ದಾರೆ. ಆಟೋದಿಂದ ಕಂಬಳಿ ಸುತ್ತಿದ ಪೆಟ್ಟಿಗೆ ಇಳಿಸುತ್ತಿರುವವನು ಮಲ್ಲಣ್ಣನ ಮಗ ಶರಣಕುಮಾರ. ಕಂಬಳಿ ಸರಿಯುತ್ತಲೇ ಚಾಂದಪಾಶಾ ಚಹಾದ ಲೋಟ ಕೆಳಗಿಡುತ್ತಾರೆ. ಅದೇ ಬಾಗಿಲು, ಅದೇ ಕೀಲಿ.

ಹಳೇ ಟಿವಿಯೊಳಗೆ ಕೆಂಪು ಪಾದರಸ ಇರುತ್ತದೆ, ಕಂಡಾಪಟ್ಟೆ ಬೆಲೆ ಬರುತ್ತದೆ ಎಂಬ ಪುಕಾರು ಹಳ್ಳಿಗಳಲ್ಲಿ ಆಗಾಗ ಏಳುತ್ತದೆ. ಅಂಥದ್ದೇನೂ ಇರುವುದಿಲ್ಲ. ಶರಣಕುಮಾರ ಅದನ್ನು ನಂಬಿ ಅಟ್ಟದಿಂದ ಪೆಟ್ಟಿಗೆ ಇಳಿಸಿದ್ದಾನೆ. ಇಂಥ ಹಳೇ ಡಬ್ಬಿಗೆ ಕೈ ಹಾಕುವವರು ಬೇರೆ ಯಾರೂ ಸಿಗದೆ ಇಲ್ಲಿಗೆ ಬಂದಿದ್ದಾನೆ.

"ಡಬ್ಬಿ ಮ್ಯಾಲಿಂದ ಕಣ್ಣು ತೆಗೀಬ್ಯಾಡ ಅಂತ ಅಪ್ಪ ಹೇಳಿ ಕಳಸ್ಯಾನ," ಎನ್ನುತ್ತಾನೆ ಸ್ಟೂಲು ಹತ್ತಿರ ಎಳೆದುಕೊಂಡು. "ಖರೇ ಹೇಳು ಕಾಕಾ. ಅವತ್ತ ನೀ ತೆಗೆದದ್ದು ಆ ಕೆಂಪಂದನ ಏನು?"

ಚಾಂದಪಾಶಾ ಪೆಟ್ಟಿಗೆಯ ಹಿಂಬದಿಯನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಬ್ಯಾಟರಿ ಅವನ ಕೈಗಿಟ್ಟು, "ಹಿಡಿ ಸಾವ್ಕಾರ," ಎನ್ನುತ್ತಾರೆ. ತುಕ್ಕು ಹಿಡಿದ ಸ್ಕ್ರೂಗಳು ಕಿರುಗುಟ್ಟುತ್ತ ಬಿಡುತ್ತವೆ. ಹಿಂಬದಿ ಕಳಚುತ್ತದೆ. ಶರಣಕುಮಾರ ಬಗ್ಗಿ ಬೆಳಕು ಬಿಡುತ್ತಾನೆ.

"ಕೆಂಪ ಐತಿ! ಕಾಕಾ, ಕೆಂಪ ಐತಿ!"

ನಿಜವಾಗಿಯೂ ಇದೆ. ಗಾಳಿಕಿಂಡಿಯಿಂದ ಕೆಳಗಿನ ತಂತಿಗಳವರೆಗೆ ಕೆಂಪು ಧಾರೆಯೊಂದು ಇಳಿದು ಹೆಪ್ಪುಗಟ್ಟಿದೆ. ಅದರ ದಾರಿಯಲ್ಲಿ ತಾಮ್ರ ಹಸಿರುಗಟ್ಟಿದೆ, ಒಂದು ಕಡೆ ಸುಟ್ಟ ಕಲೆ. ಚಾಂದಪಾಶಾ ಉಗುರಿನಿಂದ ಕೆರೆದು ಅವನ ಅಂಗೈಗೆ ಹಾಕುತ್ತಾರೆ. ಶರಣಕುಮಾರ ತಿಕ್ಕಿ ನೋಡುತ್ತಾನೆ. ಬೆರಳಿಗೆ ಕುಂಕುಮ ಹತ್ತುತ್ತದೆ. ಕುಂಕುಮದೊಳಗೆ ಗಟ್ಟಿಯಾದ ಅಕ್ಷತೆಯ ಕಾಳು.

ಅವನು ಬ್ಯಾಟರಿಯ ಬೆಳಕನ್ನು ಅಂಗೈಗೆ ತಿರುಗಿಸುತ್ತಾನೆ. ಆ ಸಂಜೆ ಎಲ್ಲರಿಗಿಂತ ಮುಂದೆ ಕೂತಿದ್ದ ಚಿಕ್ಕವನು ಅವನು.

"ಟಿವ್ಯಾಗ ದೀಪ ಹಚ್ಚಿದ್ರು ಕಾಕಾ," ಎನ್ನುತ್ತಾನೆ. "ಲಕ್ಷ್ಮಿ ಫೋಟೋ ತೋರಿಸಿದ್ರು. ಅವ್ವ ಡಬ್ಬಿಗೇ ಆರತಿ ಮಾಡಿದ್ಲು. ಅಪ್ಪ ಕುಂಕುಮ ಏರಿಸಿ ಡಬ್ಬಿ ಮ್ಯಾಲ ಕಾಯಿ ಒಡದ. ನೀರು ಹಿಂದಕ ಹರೀತು, ಯಾರೂ ಒರಸಲಿಲ್ಲ. ಆಮ್ಯಾಲ ಆ ದಪ್ಪ ಮೀಸಿಯವ ಬಂದು ಏನೋ ನಗಿಚಾಟಿ ಹೇಳಾಕತ್ತಿದ್ದ, ಅದು ಮುಗಿಯೂದ್ರಾಗ..."

"ನನಗ ಮೀಸಿ ಎಲ್ಲಿ ಕಂಡೀತು," ಎನ್ನುತ್ತಾರೆ ಚಾಂದಪಾಶಾ. "ಊರೆಲ್ಲ ಟಿವಿ ನೋಡ್ತು. ನಾ ಕೊಳವಿ ನೋಡ್ದೆ."

ಅಂಬರೀನ ಬಾಗಿಲಲ್ಲೇ ನಿಂತಿದ್ದಾರೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ.

ಶರಣಕುಮಾರ ಎದ್ದು, "ಅಪ್ಪಗ ನಾನ ಹೇಳ್ತೀನಿ," ಎನ್ನುತ್ತಾನೆ.

"ಹೇಳಬ್ಯಾಡ. ನೀ ಹೇಳಿದ್ರ, ಪಾಶಾ ನನ್ನ ಮಗಗ ಏನೋ ತೋರಿಸಿ ಮಳ್ಳ ಮಾಡ್ಯಾನ ಅಂತಾನ." ಚಾಂದಪಾಶಾ ಹಿಂಬದಿಯನ್ನು ಮತ್ತೆ ಕೂಡಿಸಿ ಸ್ಕ್ರೂ ಬಿಗಿಯುತ್ತಾರೆ. ಕೆರೆದ ಚೂರು ಬಿಟ್ಟರೆ ಒಳಗಿನದು ಒಂದೂ ಕದಲಿಲ್ಲ. "ಡಬ್ಬಿ ಹಿಂಗ ಒಯ್ಯಿ. ಶುಕ್ರವಾರ ನಮಾಜ್ ಮುಗಿಸಿ ಕಕ್ಕೇರಾಕ್ಕ ನಾನ ಬರ್ತೀನಿ. ಅದ ಅಂಗಳದಾಗ ಬಿಚ್ಚೂಣು. ಬ್ಯಾಟ್ರಿ ಮಾತ್ರ ನಿಮ್ಮ ಅಪ್ಪನ ಹಿಡೀಬೇಕು."

"ಅಪ್ಪನ ಕೈ ನಡಗತಾವ, ಕಾಕಾ."

"ನಡಗ್ಲಿ. ಬೆಳಕು ಒಳಗ ಬಿದ್ರ ಸಾಕು."