ಬಂದ್ಯೋಡಿನಲ್ಲಿ ವಿಜೇತನ ಫ್ಲೆಕ್ಸ್

ಪ್ರೊಡ್ಯೂಸರ್ ಅಂದರೆ ಕೂಲಿಂಗ್ ಗ್ಲಾಸ್ ಹಾಕಿ ಕುರ್ಚಿಯಲ್ಲಿ ಕೂರುವವರು ಅಂತ ನೀವು ತಿಳಿದಿದ್ದರೆ, ಒಂದು ದಿನ ರೋಸ್ಮೇರಿಯ ಹಿಂದೆ ಓಡಿ ನೋಡಬೇಕಿತ್ತು. ಕೇಬಲ್ ಚಾನೆಲ್ಲಿಗೆ ತುಳು ಟೆಲಿಫಿಲ್ಮ್ ಮಾಡಿಕೊಡುವುದು ಅವಳ ಕಸುಬು. ಕ್ಯಾಮರಾ ಕರೆಸುವವಳು ಅವಳು, ಪಂಚಾಯತಿನಲ್ಲಿ ಪರ್ಮಿಷನಿಗೆ ಕಾಯುವವಳು ಅವಳು, ಮಧ್ಯಾಹ್ನ ಸಾರು ಸಾಲದಿದ್ದರೆ ಬೈಗುಳ ತಿನ್ನುವವಳೂ ಅವಳೇ. ಮೋಡ ಕಂಡರೆ ಹೆದರಿಕೆ, ನಟಿ ಸೀನಿದರೆ ಹೆದರಿಕೆ. "ನಿನ್ನ ಎದೆಯಲ್ಲಿ ಯಾವಾಗ ನೋಡಿದ್ರೂ ಚೆಂಡೆ ಮಾರಾಯ್ತಿ" ಎಂದು ಗಂಡ ಹರ್ಬರ್ಟ್ ನಗುತ್ತಿದ್ದ.

2013ರಲ್ಲಿ ಒಂದು ದಿನ ಅದು ನಗುವ ಮಾತಾಗಿ ಉಳಿಯಲಿಲ್ಲ.

ಆಗ ಮಾಡುತ್ತಿದ್ದ ಟೆಲಿಫಿಲ್ಮಿನಲ್ಲಿ ನಾಯಕಿಯ ಗಂಡ ಅಪಘಾತದಲ್ಲಿ ಸಾಯಬೇಕು. ಆ ಪಾರ್ಟು ವಿಜೇತನದ್ದು, ಅಲ್ಲೇ ಬಂದ್ಯೋಡು ಪೇಟೆಯವನೇ, ಎಲ್ಲರಿಗೂ ಬೇಕಾದ ಹುಡುಗ. ನಮ್ಮ ಕಡೆ ಸಾವೆಂದರೆ ಗೊತ್ತುಂಟಲ್ಲ, ಹೆಣ ಮನೆಗೆ ಬರುವ ಮೊದಲು ಜಂಕ್ಷನಿಗೆ ಫ್ಲೆಕ್ಸ್ ಬಂದಿರುತ್ತದೆ. ನಗುವ ಫೋಟೋ, ಕೆಳಗೆ 'ಶ್ರದ್ಧಾಂಜಲಿ', ಪಕ್ಕದಲ್ಲೊಂದು ಕಪ್ಪು ಬಾವುಟ. ಕಂಡವರು ಹೇಗೆ, ಯಾವಾಗ ಅಂತ ಕೇಳಲಿಕ್ಕೆ ನಿಲ್ಲುವುದಿಲ್ಲ, ಮೊದಲು ಅಂಗಡಿಯ ಶಟರ್ ಅರ್ಧ ಎಳೆಯುತ್ತಾರೆ. ಜಂಕ್ಷನಿನ ಸೀನ್ ಇದ್ದದ್ದು ಸಂಜೆಗೆ. ಆದರೆ ರೋಸ್ಮೇರಿಗೆ ತಡವಾದೀತೆಂಬ ಹೆದರಿಕೆ. ಸೆಟ್ಟಿನ ಕೆಲಸದ ಮನೀಶನಿಗೆ, "ಬೆಳಿಗ್ಗೆಯೇ ಕಟ್ಟಿ ಬಾ" ಎಂದಳು. ಇದು ಶೂಟಿಂಗಿನದ್ದು ಅಂತ ಒಂದು ಚೀಟಿ ಅಂಟಿಸಲು ಅವಳೂ ಹೇಳಲಿಲ್ಲ, ಅವನಿಗೂ ತೋಚಲಿಲ್ಲ. ಬುದ್ಧಿ ಇಬ್ಬರದ್ದೂ ಒಟ್ಟಿಗೆ ಮೇಯಲಿಕ್ಕೆ ಹೋಗಿತ್ತು!

ಒಳಗಿನ ಊರಿನ ಮನೆಯೊಂದರಲ್ಲಿ ಶೂಟಿಂಗ್ ಶುರುವಾಯಿತು. ರಿಂಗ್ ಆಗಿ ಸೌಂಡ್ ಹಾಳಾಗಬಾರದೆಂದು ಎಲ್ಲರ ಫೋನ್ ಒಂದು ಚೀಲದಲ್ಲಿ ತುಂಬಿಸಿ ಇಟ್ಟುಕೊಳ್ಳುವುದು ರೋಸ್ಮೇರಿಯ ಕ್ರಮ. ಚಹಾದ ಹೊತ್ತಿಗೆ ಚೀಲ ಬಿಚ್ಚಿದಾಗ ವಿಜೇತನ ಫೋನ್ ಕುಣಿಯುತ್ತಿತ್ತು. ಅವಳೇ ಎತ್ತಿದಳು.

"ಬಾಡಿ ಎಷ್ಟು ಹೊತ್ತಿಗೆ ತರ್ತಾರೆ?" ಯಾರದೋ ಅಳುವ ಗಂಟಲು.

"ಯಾರ ಬಾಡಿ?"

"ನಮ್ಮ ವಿಜೇತನದ್ದು. ಇಲ್ಲಿ ಅಂಗಡಿ ಎಲ್ಲ ಬಂದ್ ಮಾಡಿದ್ದೇವೆ."

ಅವಳು ಕೇಳಿದ್ದನ್ನು ವಿಜೇತನಿಗೆ ಹೇಳಿದಳು. ವಿಜೇತ್ ಮೊದಲು ನಕ್ಕ. ಆಮೇಲೆ ತಟ್ಟನೆ ನಗು ನಿಲ್ಲಿಸಿದ. "ಅಕ್ಕಾ, ಅಮ್ಮ ಮಂಗಳೂರಿಗೆ ಡಾಕ್ಟರ ಹತ್ರ ಹೋಗಿದ್ದಾರೆ. ಈಗಿನ ಬಸ್ಸಿಗೆ ಬಂದ್ಯೋಡಿನಲ್ಲೇ ಇಳಿಯುದು."

ಅವನ ಅಮ್ಮ ವಸುಮತಿಗೆ ಎದೆಯಲ್ಲಿ ಸ್ಟೆಂಟ್ ಹಾಕಿದ್ದರು. ಗಾಬರಿ ಆಗದ ಹಾಗೆ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು. ಅತ್ತು ಕೇಳಿದವರ ನಂಬರಿಗೆ ತಿರುಗಿ ಮಾಡಿದರೆ ಬಿಝಿ. ಅಮ್ಮನಿಗೆ ಮಾಡಿದರೆ ರಿಂಗ್ ಆಯಿತು, ಎತ್ತಲಿಲ್ಲ. ಬಸ್ಸಿನ ಗದ್ದಲದಲ್ಲಿ ಕೇಳಿಸದೆ ಇರಬೇಕು, ದೇವರೇ, ಅಷ್ಟೇ ಆಗಿರಲಿ.

ವಿಜೇತ್ ಬೈಕ್ ಸ್ಟಾರ್ಟ್ ಮಾಡಿದ. ರೋಸ್ಮೇರಿ ಹತ್ತಬೇಕೆನ್ನುವಾಗ ಅವನ ಅಂಗಿ ನೋಡಿದಳು. ಅಪಘಾತದ ಸೀನಿಗೆ ಹಚ್ಚಿದ ರಕ್ತ!

"ಅಯ್ಯೋ ತೆಗಿ ಮಾರಾಯ ಅದನ್ನು! ಹೀಗೆ ಕಂಡ್ರೆ ಬದುಕಿದವರೂ ಸಾಯ್ತಾರೆ!" ಮನೀಶನ ಅಂಗಿ ಬಿಚ್ಚಿಸಿ ಅವನಿಗೆ ತೊಡಿಸಿದಳು. ದಾರಿಯುದ್ದಕ್ಕೂ ಅವಳ ಬಾಯಿಯಲ್ಲಿ ಬಂದದ್ದು ಜಪಮಾಲೆಯ ಒಂದೇ ಸಾಲು, 'ನಮೋ ಮರಿಯೆ'. ಅದರ ಮುಂದಿನ ಸಾಲು ನೆನಪಾಗಲಿಲ್ಲ.

ಜಂಕ್ಷನಿನಲ್ಲಿ ಬಸ್ಸು ಬಂದು ಹೋಗಿತ್ತು. ಅರ್ಧ ಎಳೆದ ಶಟರಿನ ಮುಂದೆ ಒಂದು ಬೆಂಚು, ಬೆಂಚಿನಲ್ಲಿ ವಸುಮತಿ. ಯಾರೋ ಸೋಡಾ ಹಿಡಿದಿದ್ದರು, ಯಾರೋ ಹೆಗಲ ಮೇಲಿನ ಬೈರಾಸು ಬೀಸಿ ಗಾಳಿ ಹಾಕುತ್ತಿದ್ದರು. ಅವಳ ಕಣ್ಣು ಫ್ಲೆಕ್ಸಿನ ಮೇಲಿತ್ತು, ಮಿಟುಕುತ್ತಿರಲಿಲ್ಲ. ಸತ್ತೇ ಹೋದಳೆಂದು ರೋಸ್ಮೇರಿ ಬೈಕಿನಿಂದ ಇಳಿಯಲಾರದೆ ಕೂತಳು.

"ಅಮ್ಮಾ" ಎಂದ ವಿಜೇತ್.

ಗುಂಪು ಹೌಹಾರಿ ಹಿಂದೆ ಸರಿಯಿತು. ವಸುಮತಿ ಅವನ ಕೆನ್ನೆ ಮುಟ್ಟಿದಳು, ಕಿವಿ ಮುಟ್ಟಿದಳು, ಕೈ ತಿರುಗಿಸಿ ನೋಡಿದಳು. ಕಪಾಳಕ್ಕೆ ಒಂದು ಬಾರಿಸಿದಳು. ಆಮೇಲೆ ಅತ್ತಳು, ಊರಿಗೆ ಊರೇ ಕೇಳುವ ಹಾಗೆ.

ರೋಸ್ಮೇರಿ ಹತ್ತಿರ ಹೋಗಿ, "ಸಿನಿಮಾಕ್ಕೆ ಕಟ್ಟಿದ್ದು ವಸುಮತಿಯಕ್ಕ, ತಪ್ಪಾಯ್ತು" ಎಂದಳು.

ವಸುಮತಿ ಮುಖ ಒರೆಸಿಕೊಂಡು ಅವಳನ್ನೇ ನೋಡಿದಳು. "ಅಲ್ಲ ಬಾಯಮ್ಮ, ಕಟ್ಟಲಿಕ್ಕೆ ನಿಮ್ಮ ಮನೆಯವರ ಫೋಟೋ ಇರ್ಲಿಲ್ವಾ?"

ಇತ್ತು. ಆ ಪಾರ್ಟು ಮೊದಲು ಹರ್ಬರ್ಟನದ್ದೇ. ಫ್ಲೆಕ್ಸಿಗೆಂದು ಒಳ್ಳೆಯ ಫೋಟೋ ಒಂದನ್ನು ಅವನೇ ಖುಷಿಯಿಂದ ತೆಗೆದು ಕೊಟ್ಟಿದ್ದ. "ಬಿಡ್ತು ಅನ್ನಿ!" ಎಂದು ಅದನ್ನು ಕೈಯಿಂದ ಕಿತ್ತುಕೊಂಡು ಕಪಾಟಿನಲ್ಲಿಟ್ಟು, ಆ ಗಳಿಗೆಯಲ್ಲೇ ವಿಜೇತನಿಗೆ ಫೋನ್ ಮಾಡಿದ್ದಳು ರೋಸ್ಮೇರಿ.

"ಇತ್ತು ಅಕ್ಕ" ಎಂದಳು.