ಕೆಂಪು ಬಣ್ಣದ ಏಣಿ

ಗೆಳೆಯರೇ, ಇವತ್ತು ಕೌಲ್ ಬಜಾರಿನ ಹತ್ತಿ ಅಂಗಡಿಗೆ ಬೆಂಕಿ ಬಿತ್ತು. ಮಹಡಿಯಲ್ಲಿ ಹಮಾಲ ಹನುಮಂತ ಸಿಕ್ಕಿಬಿದ್ದಿದ್ದ. ಫೈರ್ ಇಂಜಿನ್ನಿನವರು ಎರಡು ಭಾಗದ ಏಣಿ ನಿಲ್ಲಿಸಿ, ಮೇಲಿನ ಭಾಗ ಏರಿಸಲು ಹಗ್ಗ ಜಗ್ಗಿದರು. ಅದು ಮಿಸುಕಲಿಲ್ಲ. ನಾಳೆ ಮದರಾಸಿನ ಇಂಗ್ಲಿಷ್ ದೊರೆ ತಪಾಸಣೆಗೆ ಬರುತ್ತಾರೆಂದು ನಿನ್ನೆ ಅದಕ್ಕೆ ಬಣ್ಣ ಬಳಿದಿದ್ದರಂತೆ! ಜಾರಬೇಕಾದ ಭಾಗಗಳೆರಡೂ ಅಂಟಿಕೊಂಡಿದ್ದವು.

"ಸುತ್ತಿಗಿ ತಗೊಂಡು ಬಡೀರಿ!" ಎಂದು ಕೂಗಿದೆ.

"ಬ್ಯಾಡ್ರಿ, ಬಣ್ಣ ಕಿತ್ತು ಹೋಗ್ತೈತಿ!" ಎಂದರು ಅವರ ಮುಖ್ಯಸ್ಥರು.

ಕೊನೆಗೆ, ಎದುರು ಗೋಡೆಗೆ ಸುಣ್ಣ ಹಚ್ಚುತ್ತಿದ್ದ ಖಾಸಿಂಸಾಬ ತನ್ನ ಬಿದಿರಿನ ಏಣಿ ತಂದು ಒರಗಿಸಿ, ಮೇಲೇರಿ ಹನುಮಂತನನ್ನು ಇಳಿಸಿದ.

ಮುಖ್ಯಸ್ಥರು ತಮ್ಮ ಏಣಿಯ ಸುತ್ತ ಬಂದು ನೋಡಿ ನೆಮ್ಮದಿಯ ಉಸಿರು ಬಿಟ್ಟರು. ಒಂದು ಗೀರೂ ಬಿದ್ದಿರಲಿಲ್ಲ. ನಾಳೆ ದೊರೆ ಅದನ್ನು ಹತ್ತುತ್ತೇನೆ ಅನ್ನದಿದ್ದರೆ ಸಾಕು.